ಇಕ್ಕಳ ಕೈಗೆ ಕೊಡುವ ಮುಂಚೆ

ದಂತವೈದ್ಯರಾಗಲು ಬಿಡಿಎಸ್ ಓದಿ, ಒಂದು ವರ್ಷ ಇಂಟರ್ನ್‌ಶಿಪ್ ಮುಗಿಸಿ, ರಾಜ್ಯ ದಂತವೈದ್ಯ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿಕೊಂಡು ಬರುವ ಹುಡುಗ ಹುಡುಗಿಯರಲ್ಲಿ ಓದಿಗೇನೂ ಕೊರತೆ ಇರುವುದಿಲ್ಲ. ಕೊರತೆ ಇರುವುದು ಇಡೀ ಬಾಯಿಯನ್ನು ಒಬ್ಬರೇ ನೋಡಿ ತೀರ್ಮಾನ ಮಾಡುವ ರೂಢಿಯಲ್ಲಿ. ಕಾಲೇಜಿನಲ್ಲಿ ಹಲ್ಲು ಕೀಳುವುದು ಒಂದು ವಿಭಾಗ, ರೂಟ್ ಕೆನಾಲ್ ಇನ್ನೊಂದು, ಒಸಡು ಮತ್ತೊಂದು, ಹಲ್ಲು ಕಟ್ಟುವುದು ಮಗದೊಂದು. ರೋಗಿ ಚೀಟಿ ಹಿಡಿದು ಒಂದು ಬಾಗಿಲಿನಿಂದ ಇನ್ನೊಂದು ಬಾಗಿಲಿಗೆ ಹೋಗುತ್ತಾನೆ, ವಿದ್ಯಾರ್ಥಿಗೆ ಸಿಗುವುದು ಮೊದಲೇ ತೀರ್ಮಾನವಾಗಿ ಬಂದ ಒಂದು ಹಲ್ಲು. ತೀರ್ಥಹಳ್ಳಿಯ ಅಥವಾ ಸಾಗರದ ಪೇಟೆಬೀದಿಯ ಕ್ಲಿನಿಕ್ಕಿನಲ್ಲಿ ಹಾಗಲ್ಲ. ಅರವತ್ತು ದಾಟಿದ ಅಜ್ಜ ಬಂದು ಕೂತು ಬಾಯಿ ತೆರೆದರೆ ಅಲ್ಲಾಡುವ ಹಲ್ಲು ಎರಡು, ಸವೆದು ಚಪ್ಪಟೆಯಾದ ದವಡೆಹಲ್ಲು ನಾಲ್ಕು, ಕೆನ್ನೆಯ ಒಳಗೆ ಬಿಳಿ ಪಟ್ಟೆ, ಜೇಬಿನಲ್ಲಿ ಬಿಪಿ ಮಾತ್ರೆ, ಮನಸ್ಸಿನಲ್ಲಿ ಮಧ್ಯಾಹ್ನದ ಬಸ್ಸು. ಯಾವುದು ಮೊದಲು, ಯಾವುದು ಇವತ್ತು ಬೇಡ, ಯಾವುದಕ್ಕೆ ಕೈಯನ್ನೇ ಹಾಕಬಾರದು ಎಂಬ ಪ್ರಶ್ನೆಗೆ ಪಠ್ಯಪುಸ್ತಕ ಒಂದೇ ಕಡೆ ಉತ್ತರ ಕೊಡುವುದಿಲ್ಲ.

ಹಿರಿಯ ದಂತವೈದ್ಯರು ಕಿರಿಯರಿಗೆ ದಾಟಿಸಬೇಕಾದದ್ದು ಈ ತೀರ್ಮಾನವನ್ನೇ. ಕೈಚಳಕ ದಿನಾ ಮಾಡುತ್ತ ಬರುತ್ತದೆ. ತೀರ್ಮಾನ ಹಾಗೆ ತಾನಾಗಿ ಬರುವುದಿಲ್ಲ, ಯಾಕೆಂದರೆ ಅದು ಕಣ್ಣಿಗೆ ಕಾಣುವ ವಸ್ತುವಲ್ಲ. ಅನುಭವಿ ವೈದ್ಯರ ಪಕ್ಕ ಆರು ತಿಂಗಳು ನಿಂತು ನೋಡಿದರೂ ಕೈ ಹೋದದ್ದು ಕಾಣುತ್ತದೆ ಹೊರತು ಕೈ ಯಾಕೆ ಅಲ್ಲಿಗೆ ಹೋಯಿತು, ಯಾಕೆ ಅಲ್ಲೇ ನಿಂತಿತು ಎಂಬುದು ಕಾಣುವುದಿಲ್ಲ. ಹಿರಿಯರು ಬಾಯಿಬಿಟ್ಟು ಹೇಳಬೇಕು. ನಮ್ಮ ಕಡೆಯ ಕ್ಲಿನಿಕ್ಕುಗಳಲ್ಲಿ ಕಲಿಸುವಿಕೆ ಸೋಲುವುದು ಬಹುಪಾಲು ಇಲ್ಲೇ. ಕಿರಿಯರ ಕೈ ತಡವರಿಸಿದ ಕೂಡಲೇ ಹಿರಿಯರು ಉಪಕರಣ ತೆಗೆದುಕೊಂಡು ಎರಡು ನಿಮಿಷದಲ್ಲಿ ಮುಗಿಸಿಬಿಡುತ್ತಾರೆ, ಹೊರಗೆ ಇನ್ನೂ ಎಂಟು ಜನ ಕಾಯುತ್ತಿರುತ್ತಾರೆ, ಏನಾಯಿತು ಎಂಬ ಮಾತು ಸಂಜೆಗೂ ಬರುವುದಿಲ್ಲ. ರೋಗಿಗೆ ಉಪಕಾರವಾಯಿತು, ಕಲಿಯುವವರಿಗೆ ಏನೂ ಸಿಗಲಿಲ್ಲ.

ಇದಕ್ಕೆ ಮದ್ದು ದೊಡ್ಡದೇನಲ್ಲ. ರೋಗಿ ಕುರ್ಚಿಗೆ ಬರುವ ಮುಂಚೆ, ಎಕ್ಸ್‌ರೇ ಮುಂದಿಟ್ಟುಕೊಂಡು ಮೂರು ಪ್ರಶ್ನೆ ಕೇಳುವುದು: ಏನು ಮಾಡುತ್ತೀಯ, ಎಲ್ಲಿ ಕೈಕೊಡಬಹುದು, ಕೈಕೊಟ್ಟರೆ ಯಾವ ಹಂತದಲ್ಲಿ ನನ್ನನ್ನು ಕರೆಯುತ್ತೀಯ. ಮೂರನೆಯದು ಎಲ್ಲಕ್ಕಿಂತ ಮುಖ್ಯ. ಕರೆಯುವ ಹಂತ ಮೊದಲೇ ಗೊತ್ತಾಗಿದ್ದರೆ ಕರೆಯುವುದು ಸೋಲು ಅನ್ನಿಸುವುದಿಲ್ಲ. ಗೊತ್ತಾಗದಿದ್ದರೆ, ಮರ್ಯಾದೆಗೆ ಅಂಜಿ ಇನ್ನೊಂದು ಸಲ, ಮತ್ತೊಂದು ಸಲ ಎಂದು ಎಳೆಯುತ್ತಾರೆ. ಬೇರು ಮುರಿಯುವುದೂ ಮೂಳೆ ಸೀಳುವುದೂ ಆ ಮತ್ತೊಂದು ಸಲದಲ್ಲೇ.

ಮೊದಲ ವಾರ ಹಲ್ಲಿಗಿಂತ ಕೋಣೆಯನ್ನು ಕಲಿಸುವುದು ಒಳ್ಳೆಯದು. ಮಲೆನಾಡಿನಲ್ಲಿ ಇದಕ್ಕೆ ಬೇರೆಯದೇ ತೂಕ ಇದೆ. ಆರಿದ್ರಾ ಮಳೆ ಹಿಡಿದ ಮೇಲೆ ಪುಷ್ಯ ಮಳೆ ಮುಗಿಯುವವರೆಗೂ ಗಾಳಿಯಲ್ಲೇ ನೀರು. ಕಂಪ್ರೆಸರ್ ಆ ಗಾಳಿಯನ್ನೇ ಎಳೆದು ಒತ್ತುತ್ತದೆ. ಒತ್ತಿದ ಗಾಳಿ ಟ್ಯಾಂಕಿನಲ್ಲಿ ತಣ್ಣಗಾದಾಗ ತೇವ ನೀರಾಗಿ ತಳಕ್ಕೆ ಇಳಿಯುತ್ತದೆ. ಟ್ಯಾಂಕಿನ ಅಡಿಯ ಡ್ರೈನ್ ವಾಲ್ವನ್ನು ದಿನಾ ಸಂಜೆ ತೆರೆದು ನೀರು ಬಿಡದಿದ್ದರೆ ಆ ನೀರು ಪೈಪಿನ ಮೂಲಕ ಹಲ್ಲು ಕೊರೆಯುವ ಹ್ಯಾಂಡ್‌ಪೀಸಿಗೆ ಬಂದು ಬೇರಿಂಗ್ ತುಕ್ಕು ಹಿಡಿಯುತ್ತದೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಹಲ್ಲಿನ ಬಣ್ಣದ ಕಾಂಪೋಸಿಟ್ ತುಂಬುವಾಗ ಆಸಿಡ್ ಹಚ್ಚಿ ತೊಳೆದ ಹಲ್ಲನ್ನು ಒಣಗಿಸಲು ಗಾಳಿ ಬಿಟ್ಟರೆ ಅದೇ ಗಾಳಿ ಕಣ್ಣಿಗೆ ಕಾಣದ ನೀರನ್ನೂ ಎಣ್ಣೆಯನ್ನೂ ಹಲ್ಲಿನ ಮೇಲೆ ಕೂರಿಸುತ್ತದೆ. ಬಾಂಡ್ ಹಿಡಿಯುವುದಿಲ್ಲ, ಕೆಲವೇ ತಿಂಗಳಲ್ಲಿ ತುಂಬಿದ್ದು ಕಳಚಿ ಬರುತ್ತದೆ, ಹೊಸಬರು ತಮ್ಮ ಕೈಯನ್ನು ಬೈದುಕೊಳ್ಳುತ್ತಾರೆ. ಪರೀಕ್ಷೆ ಸುಲಭ: ಬೆಳಿಗ್ಗೆ ಮೊದಲ ರೋಗಿಗೆ ಮುಂಚೆ ಮೌತ್ ಮಿರರ್ ಮೇಲೆ ಗಾಳಿ ಸಿರಿಂಜಿನಿಂದ ಹತ್ತು ಸೆಕೆಂಡು ಬರೀ ಗಾಳಿ ಬಿಡಬೇಕು. ಕನ್ನಡಿ ಮೇಲೆ ಹನಿ ಅಥವಾ ಜಿಡ್ಡು ಕಂಡರೆ ಅವತ್ತು ಕಾಂಪೋಸಿಟ್ ಬೇಡ, ಮೊದಲು ಫಿಲ್ಟರ್ ನೋಡಿ.

ಪುಡಿಗಳ ಕತೆಯೂ ಅಷ್ಟೇ. ಅಚ್ಚು ತೆಗೆಯುವ ಆಲ್ಜಿನೇಟ್ ಡಬ್ಬಿ ಮುಚ್ಚಳ ಸಡಿಲವಾಗಿದ್ದರೆ ತೇವ ಹೀರಿ ಗಂಟುಕಟ್ಟುತ್ತದೆ, ಗಟ್ಟಿಯಾಗುವ ಸಮಯ ತಪ್ಪುತ್ತದೆ. ಹಲ್ಲು ತುಂಬುವ ಗ್ಲಾಸ್ ಅಯನೊಮರ್ ಪುಡಿಯನ್ನು ಬಾಟಲಿ ಅಲ್ಲಾಡಿಸಿ ಸಡಿಲ ಮಾಡಿ, ಚಮಚವನ್ನು ಮಟ್ಟ ಮಾಡಿ ಅಳೆಯಬೇಕು. ಕಂಪನಿ ಹೇಳಿದ ಅಳತೆಗಿಂತ ತೆಳ್ಳಗೆ ಕಲಸಿದರೆ ತುಂಬಲು ಸಲೀಸು, ಬಾಳಿಕೆ ಇಲ್ಲ. ಕಲಸಿದ್ದರ ಮೈಮೇಲಿನ ಹೊಳಪು ಹೋದಮೇಲೆ ಅದು ಹಲ್ಲಿಗೆ ಅಂಟುವುದಿಲ್ಲ. ಎಸೆದು ಮತ್ತೆ ಕಲಸುವುದೇ ಸರಿ. ಹೊಸಬರು ಎಸೆಯಲು ಹೆದರುತ್ತಾರೆ, ಸಾಮಾನು ದುಬಾರಿ ಎಂದು. ಎಸೆ ಎಂದು ಹಿರಿಯರೇ ಹೇಳಬೇಕು.

ಉಪಕರಣಗಳನ್ನು ಹಬೆಯಲ್ಲಿ ಸೂಕ್ಷ್ಮಾಣುರಹಿತ ಮಾಡುವ ಆಟೋಕ್ಲೇವ್ ವಿಷಯದಲ್ಲಿ ಅಂಕಿಗಳು ಎಲ್ಲರಿಗೂ ಬಾಯಿಪಾಠ: 121 ಡಿಗ್ರಿ, 15 ಪೌಂಡ್ ಒತ್ತಡ, ಕನಿಷ್ಠ 15 ನಿಮಿಷ, ಸುತ್ತಿಟ್ಟ ಕಟ್ಟಾದರೆ 30 ನಿಮಿಷ. ಕೈಕೊಡುವುದು ಅಂಕಿಗಳ ಸುತ್ತಮುತ್ತ. ಮಳೆಗಾಲದಲ್ಲಿ ವೋಲ್ಟೇಜ್ ಇಳಿದರೆ, ನಡುವೆ ಕರೆಂಟ್ ಹೋಗಿ ಬಂದರೆ ಯಂತ್ರ ಬಿಸಿ ಏರಿರುತ್ತದೆ, ಆದರೆ ಅಷ್ಟು ಹೊತ್ತು ನಿಂತಿರುವುದಿಲ್ಲ. ಕಟ್ಟಿನ ಮೇಲಿನ ಸೂಚಕ ಪಟ್ಟಿ ಬಣ್ಣ ಬದಲಾಗಿದೆ ಎಂದು ಸಹಾಯಕಿ ತೋರಿಸುತ್ತಾಳೆ. ಪಟ್ಟಿಯ ಬಣ್ಣ ಹೇಳುವುದು ಕಟ್ಟು ಹಬೆ ಕಂಡಿದೆ ಎಂದಷ್ಟೇ, ಸೂಕ್ಷ್ಮಾಣು ಸತ್ತಿವೆ ಎಂದಲ್ಲ. ಕರೆಂಟ್ ನಡುವೆ ಹೋದರೆ ಸಮಯವನ್ನು ಸೊನ್ನೆಯಿಂದ ಎಣಿಸಬೇಕು. ಪೌಚುಗಳನ್ನು ಒಂದರ ಮೇಲೊಂದು ಒಟ್ಟದೆ ಅಂಚಿನ ಮೇಲೆ ನಿಲ್ಲಿಸಬೇಕು, ಟ್ರೇ ಕಿಕ್ಕಿರಿಯಬಾರದು, ಒಣಗುವ ಮುಂಚೆ ಹೊರಗೆ ತೆಗೆಯಬಾರದು. ಒದ್ದೆ ಪೌಚಿನ ಕಾಗದದ ಮೂಲಕ ಹೊರಗಿನದ್ದು ಒಳಗೆ ಹೋಗುತ್ತದೆ. ಆಟೋಕ್ಲೇವಿಗೆ ಮೊದಲು ಉಪಕರಣವನ್ನು ಉಜ್ಜಿ ತೊಳೆಯದಿದ್ದರೆ ಒಣಗಿದ ರಕ್ತದ ಅಡಿ ಹಬೆ ಮುಟ್ಟುವುದೇ ಇಲ್ಲ. ಕಿರಿಯ ವೈದ್ಯರು ಒಂದಷ್ಟು ದಿನ ಸಹಾಯಕಿಯ ಜೊತೆ ನಿಂತು ತಾವೇ ತೊಳೆದು, ಒರೆಸಿ, ಹ್ಯಾಂಡ್‌ಪೀಸಿಗೆ ಎಣ್ಣೆ ಬಿಟ್ಟು, ಕಟ್ಟು ಕಟ್ಟಬೇಕು. ಮುಂದೆ ತಮ್ಮದೇ ಕ್ಲಿನಿಕ್ ಇಟ್ಟಾಗ ಯಾರೂ ಹೇಳಿಕೊಡದ ಕೆಲಸ ಇದು.

ರೋಗಿಯನ್ನು ಕೇಳುವ ಪ್ರಶ್ನೆಗಳಿಗೂ ಇಲ್ಲಿನದೇ ಒಂದು ವರಸೆ ಬೇಕು. ಮುದ್ರಿತ ಕೇಸ್‌ಶೀಟಿನಲ್ಲಿ ಇಲ್ಲದ ಮೊದಲ ಪ್ರಶ್ನೆ: ‘ತಿಂಡಿ ಆಯ್ತಾ?’ ಹೊಸನಗರದ ಕಡೆಯಿಂದ ಮೊದಲ ಬಸ್ಸು ಹಿಡಿದು ಶಿವಮೊಗ್ಗಕ್ಕೆ ಬಂದವರು ಖಾಲಿ ಹೊಟ್ಟೆಯಲ್ಲಿರುತ್ತಾರೆ. ಹಲ್ಲು ಕೀಳಿಸುವಾಗ ತಿನ್ನಬಾರದು ಎಂದು ಯಾರೋ ಹೇಳಿರುತ್ತಾರೆ. ಸೂಜಿ ನೋಡಿದ ಕೂಡಲೇ ತಲೆಸುತ್ತಿ ಬೀಳುವವರಲ್ಲಿ ಇವರೇ ಹೆಚ್ಚು. ಸಕ್ಕರೆ ಕಾಯಿಲೆಯವರು ಮಾತ್ರೆ ನುಂಗಿ ತಿಂಡಿ ಬಿಟ್ಟಿದ್ದರೆ ಅಪಾಯ ಇನ್ನೂ ಒಂದು ಹೆಜ್ಜೆ ಮುಂದೆ. ಪಕ್ಕದ ಹೋಟೆಲಿಗೆ ಕಳಿಸಿ ಎರಡು ಇಡ್ಲಿ ತಿನ್ನಿಸಿ ಕರೆಸಿಕೊಂಡರೆ ಅರ್ಧ ಗಂಟೆ ಹೋಗುತ್ತದೆ, ಹೋಗಲಿ. ತಲೆಸುತ್ತಿ ಬಂದರೆ ಕುರ್ಚಿಯನ್ನು ಮಟ್ಟ ಮಲಗಿಸಿ ಕಾಲು ಎತ್ತರಿಸಬೇಕು. ನೀರು ಕುಡಿಸುವ ಆತುರ ಬೇಡ, ಎಚ್ಚರ ಪೂರ್ತಿ ಬಂದಮೇಲೆ ಸಕ್ಕರೆ ನೀರು.

ಎರಡನೆಯದು ಮಾತ್ರೆಗಳ ಚೀಟಿ. ‘ಬಿಪಿ ಇದೆಯಾ’ ಎಂದರೆ ‘ಇಲ್ಲ, ಮಾತ್ರೆ ತಗೊಳ್ತಾ ಇದೀನಲ್ಲ’ ಎನ್ನುತ್ತಾರೆ. ಚೀಟಿಯನ್ನೋ ಮಾತ್ರೆಯ ಹಾಳೆಯನ್ನೋ ಕಣ್ಣಾರೆ ನೋಡಬೇಕು. ಒಂದೆರಡು ಹಲ್ಲು ಕೀಳಲು ಆಸ್ಪಿರಿನ್ ನಿಲ್ಲಿಸಬೇಕಾಗಿಲ್ಲ, ಒತ್ತಿ ಹಿಡಿದು ಹೊಲಿಗೆ ಹಾಕಿದರೆ ರಕ್ತ ನಿಲ್ಲುತ್ತದೆ. ನಿಲ್ಲಿಸಿದರೆ ಹೃದಯಕ್ಕೆ ಬರುವ ಅಪಾಯ ರಕ್ತಸ್ರಾವದ ಅಪಾಯಕ್ಕಿಂತ ದೊಡ್ಡದು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ತೆಗೆದುಕೊಳ್ಳುವವರಾದರೆ, ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಹೇಳುವ ಐಎನ್‌ಆರ್ ಇತ್ತೀಚಿನದ್ದು ನೋಡದೆ ಮುಟ್ಟಬಾರದು. ಮೇಲಿನ ಒತ್ತಡ 180 ಅಥವಾ ಕೆಳಗಿನದ್ದು 110 ಮುಟ್ಟಿದ್ದರೆ ತುರ್ತಲ್ಲದ ಕೆಲಸ ಮುಂದೂಡಿ ವೈದ್ಯರ ಹತ್ತಿರ ಕಳಿಸಬೇಕು.

ಮೂರನೆಯದು ಜ್ವರ. ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದದ್ದು ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಡಿಸೆಂಬರಿನಿಂದ ಮೇವರೆಗೆ, ಒಣಗಿದ ಎಲೆಯ ದರಕು ಗುಡಿಸಲು ಸೌದೆ ತರಲು ಕಾಡಿಗೆ ಹೋಗುವ ಕಾಲದಲ್ಲಿ ಅದರ ಹಾವಳಿ. ಆ ಜ್ವರದಲ್ಲಿ ಒಸಡಿನಿಂದ, ಮೂಗಿನಿಂದ ರಕ್ತ ಬರಬಹುದು. ಮಳೆಗಾಲದಲ್ಲಿ ಡೆಂಗಿ, ಇಲಿಜ್ವರ. ಒಸಡಿನಲ್ಲಿ ರಕ್ತ ಎಂದು ಬಂದವರ ಹಲ್ಲಿನ ಮೇಲೆ ಅದಕ್ಕೆ ತಕ್ಕಷ್ಟು ಕಿಟ್ಟ ಇಲ್ಲದಿದ್ದರೆ ಸ್ಕೇಲಿಂಗ್ ಯಂತ್ರ ಕೆಳಗಿಡಬೇಕು. ಜ್ವರ ಬಂದಿತ್ತಾ, ಕಾಡಿಗೆ ಹೋಗಿದ್ರಾ, ಉಣುಗು ಕಚ್ಚಿತ್ತಾ ಎಂದು ಕೇಳಿ, ರಕ್ತ ಪರೀಕ್ಷೆಗೆ ಕಳಿಸಬೇಕು. ಪ್ಲೇಟ್‌ಲೆಟ್ ಇಳಿದವರ ಹಲ್ಲು ಕಿತ್ತರೆ ರಕ್ತ ನಿಲ್ಲಿಸುವುದು ಕ್ಲಿನಿಕ್ಕಿನ ಕೈಯಲ್ಲಿ ಇರುವುದಿಲ್ಲ. ಇಂಥವರಿಗೆ ನೋವಿನ ಮಾತ್ರೆಯೂ ಪ್ಯಾರಾಸಿಟಮಾಲ್ ಮಾತ್ರ.

ಇನ್ನು ಸೂಜಿ. ಕೆಳದವಡೆಯನ್ನು ಮರಗಟ್ಟಿಸುವ ನರ್ವ್ ಬ್ಲಾಕ್ ಹೊಸಬರ ಆತ್ಮವಿಶ್ವಾಸವನ್ನು ಕಟ್ಟುವುದೂ ಅದೇ, ಕೆಡವುವುದೂ ಅದೇ. ಇದನ್ನು ‘ಹಾಕಿ ಹಾಕಿ ಬರುತ್ತೆ’ ಎಂದು ಬಿಡಬಾರದು, ಯಾಕೆಂದರೆ ಇದರಲ್ಲಿ ಆಗುವ ಪ್ರತಿಯೊಂದು ತಪ್ಪಿಗೂ ಗುರುತಿಸಬಹುದಾದ ಕಾರಣ ಇದೆ. ಒಂದೂವರೆ ಇಂಚಿನ ಸೂಜಿ ಇರಲಿ. ಒಂದು ಇಂಚಿನದ್ದಾದರೆ ಬುಡದವರೆಗೂ ಹೂತುಹೋಗುತ್ತದೆ, ರೋಗಿ ತಟ್ಟನೆ ತಲೆ ತಿರುಗಿಸಿ ಬುಡದಲ್ಲಿ ಮುರಿದರೆ ಹಿಡಿದು ತೆಗೆಯಲು ತುದಿ ಸಿಗುವುದಿಲ್ಲ. ಎಡಗೈ ಹೆಬ್ಬೆರಳು ದವಡೆಮೂಳೆಯ ಮುಂದಂಚಿನ ತಗ್ಗಿನಲ್ಲಿ ಕೂರಬೇಕು, ಸಿರಿಂಜು ಎದುರು ಬದಿಯ, ಕೋರೆಹಲ್ಲಿಗೂ ದವಡೆಹಲ್ಲಿಗೂ ನಡುವಿನ ಮುಂದವಡೆ ಹಲ್ಲುಗಳ ಮೇಲಿಂದ ಬರಬೇಕು, ಕೆಳಹಲ್ಲುಗಳ ಮಟ್ಟಕ್ಕಿಂತ ಸುಮಾರು ಒಂದು ಸೆಂಟಿಮೀಟರ್ ಮೇಲೆ ಚುಚ್ಚಬೇಕು. 20ರಿಂದ 25 ಮಿಲಿಮೀಟರ್ ಹೋದಾಗ ಮೂಳೆ ತಾಗುತ್ತದೆ. ತಾಗಿದ ಮೇಲೆ ಒಂದು ಮಿಲಿಮೀಟರ್ ಹಿಂದೆ ಸರಿದು, ಪಿಸ್ಟನ್ ಹಿಂದಕ್ಕೆ ಎಳೆದು ರಕ್ತ ಬರುತ್ತದಾ ನೋಡಿ, ಒಂದೂವರೆ ಮಿಲಿಲೀಟರನ್ನು ಒಂದು ನಿಮಿಷಕ್ಕೂ ಹೆಚ್ಚು ಹೊತ್ತು ತೆಗೆದುಕೊಂಡು ಬಿಡಬೇಕು.

ಅರ್ಧ ಸೂಜಿ ಹೋಗುವ ಮುಂಚೆಯೇ ಮೂಳೆ ತಾಗಿತೆಂದರೆ ತುದಿ ತೀರ ಮುಂದಿದೆ. ಸ್ವಲ್ಪ ಹಿಂದೆಳೆದು, ಸಿರಿಂಜನ್ನು ಎದುರು ಬದಿಯ ಕೋರೆಹಲ್ಲಿನ ಕಡೆಗೆ ತಂದು ಒಳಗೆ ಬಿಡಬೇಕು. ಮೂಳೆಯೇ ತಾಗದೆ ಸೂಜಿ ಹೋಗುತ್ತಲೇ ಇದ್ದರೆ ತುದಿ ಹಿಂದೆ ತಪ್ಪಿಸಿಕೊಂಡಿದೆ. ಅಲ್ಲಿ ಮದ್ದು ಬಿಟ್ಟರೆ ಜೊಲ್ಲಿನ ಗ್ರಂಥಿಯೊಳಗಿನ ಮುಖದ ನರಕ್ಕೆ ಹೋಗಿ ಕಣ್ಣು ಮುಚ್ಚಲಾಗದೆ ತುಟಿ ಸೊಟ್ಟಗಾಗುತ್ತದೆ. ಕೆಲವು ಗಂಟೆಯಲ್ಲಿ ಇಳಿಯುತ್ತದೆ, ಆದರೆ ಮನೆಯವರಿಗೆ ಪಾರ್ಶ್ವವಾಯು ಬಡಿದಂತೆ ಕಾಣುತ್ತದೆ. ಸಿರಿಂಜನ್ನು ಎದುರು ಬದಿಯ ದವಡೆಹಲ್ಲಿನ ಕಡೆಗೆ ಸರಿಸಿ ಮತ್ತೆ ಮೂಳೆ ಹುಡುಕಬೇಕು. ತುಟಿ ಮರಗಟ್ಟಿದೆ, ಹಲ್ಲು ಮಾತ್ರ ನೋಯುತ್ತಿದೆ ಎಂದರೆ ಬ್ಲಾಕ್ ಬಹುಮಟ್ಟಿಗೆ ಸರಿಯಾಗಿಯೇ ಆಗಿದೆ, ಉರಿಯುತ್ತಿರುವ ನರ ಮದ್ದಿಗೆ ಬಗ್ಗುತ್ತಿಲ್ಲ. ಅದೇ ಜಾಗದಲ್ಲಿ ಮತ್ತೆ ಮತ್ತೆ ಚುಚ್ಚಿ ಫಲವಿಲ್ಲ, ಹಲ್ಲಿನ ಪಕ್ಕದ ಸಂದಿನಲ್ಲಿ ಒತ್ತಡ ಕೊಟ್ಟು ಹಾಕುವ ದಾರಿ ಹಿಡಿಯಬೇಕು. ತುಟಿಯೇ ಮರಗಟ್ಟದಿದ್ದರೆ ಬ್ಲಾಕ್ ತಪ್ಪಿದೆ. ಎರಡು ಸಲ ತಪ್ಪಿದರೆ ಹಿರಿಯರನ್ನು ಕರೆಯುವುದು ಎಂಬುದು ಒಪ್ಪಂದವಾಗಿರಲಿ.

ಮರಗಟ್ಟಿಸುವ ಮದ್ದಾದ ಲಿಗ್ನೊಕೇನನ್ನು ನಮ್ಮಲ್ಲಿ ಬಹುತೇಕ ಕಡೆ 30 ಮಿಲಿಲೀಟರಿನ ಬಾಟಲಿಯಿಂದ ಎಳೆದು ಹಾಕುವುದರಿಂದ ಲೆಕ್ಕ ತಪ್ಪುವುದು ಸುಲಭ. ಶೇಕಡಾ ಎರಡರ ಲಿಗ್ನೊಕೇನ್ ಎಂದರೆ ಒಂದು ಮಿಲಿಲೀಟರಿನಲ್ಲಿ 20 ಮಿಲಿಗ್ರಾಂ. ಅಡ್ರಿನಲಿನ್ ಸೇರಿದ್ದಕ್ಕೆ ಮೇಲಿನ ಮಿತಿ ಕಿಲೋ ತೂಕಕ್ಕೆ 7 ಮಿಲಿಗ್ರಾಂ, ಒಟ್ಟು 500 ದಾಟಬಾರದು. 45 ಕಿಲೋದ ತೆಳ್ಳನೆ ಅಜ್ಜಿಗೆ 315 ಮಿಲಿಗ್ರಾಂ, ಅಂದರೆ 16 ಮಿಲಿಲೀಟರಿನ ಒಳಗೆ. 15 ಕಿಲೋದ ಮಗುವಿಗೆ ಐದೇ ಮಿಲಿಲೀಟರು ಮಿತಿ, ಅಲ್ಲಿಗೂ ಹೋಗದೆ ಮುಗಿಸಬೇಕು. ಎಷ್ಟು ಹಾಕಿದೆ ಎಂದು ಪ್ರತಿ ಸಲ ಕೇಸ್‌ಶೀಟಿನಲ್ಲಿ ಬರೆಯುವ ಚಾಳಿ ಮೊದಲ ದಿನದಿಂದಲೇ ಬೀಳಲಿ.

ಹಲ್ಲು ಕೀಳುವುದರ ಬಗ್ಗೆ ಹೇಳಬೇಕಾದದ್ದು ಬಲದ ಬಗ್ಗೆ. ಹೊಸಬರು ಎಳೆಯುತ್ತಾರೆ. ಇಕ್ಕಳದ ಕೊಕ್ಕನ್ನು ಒಸಡಿನ ಕೆಳಗೆ, ಬೇರಿನ ಕಡೆಗೆ ಒತ್ತಿ ಕೂರಿಸಿದ ಮೇಲೆ ಬೇಕಾದದ್ದು ನಿಧಾನವಾಗಿ ಹೊರಬದಿಗೆ ಬಾಗಿಸಿ ಅಲ್ಲೇ ಹಿಡಿದು ಮೂಳೆ ಹಿಗ್ಗಲು ಹೊತ್ತು ಕೊಡುವುದು. ಮೇಲಿನ ಮುಂಬದಿಯ ನಡುಹಲ್ಲು, ಕೆಳಗಿನ ಮುಂದವಡೆ ಹಲ್ಲುಗಳಿಗೆ ದುಂಡು ಬೇರು, ತಿರುಚಬಹುದು. ಮೇಲಿನ ಮೊದಲ ಮುಂದವಡೆ ಹಲ್ಲಿಗೆ ಸಾಮಾನ್ಯವಾಗಿ ಎರಡು ಸಪೂರ ಬೇರು, ತಿರುಚಿದರೆ ಒಂದು ಒಳಗೇ ಉಳಿಯುತ್ತದೆ. ಕೊನೆಯ ಮೇಲ್ದವಡೆ ಹಲ್ಲು ಕೀಳುವಾಗ ಹಲ್ಲಿನ ಜೊತೆ ಹಿಂದಿನ ಮೂಳೆಯ ಉಬ್ಬೂ ಅಲ್ಲಾಡುತ್ತಿದೆ ಎಂದು ಬೆರಳಿಗೆ ತಿಳಿದರೆ ಅಲ್ಲೇ ನಿಲ್ಲಿಸಬೇಕು. ಅದಕ್ಕೇ ಎಡಗೈ ಬೆರಳು ಯಾವಾಗಲೂ ಮೂಳೆಯ ಎರಡೂ ಬದಿ ಹಿಡಿದಿರಬೇಕು ಎನ್ನುವುದು. ಅದು ಆಧಾರಕ್ಕೆ ಮಾತ್ರ ಇರುವುದಲ್ಲ, ಸುದ್ದಿ ತರುವ ಬೆರಳು ಅದೇ. ಹದಿನೈದು ನಿಮಿಷ ಪ್ರಯತ್ನಿಸಿಯೂ ಹಲ್ಲು ಕದಲದಿದ್ದರೆ ಬಲ ಹೆಚ್ಚಿಸಬಾರದು, ದಾರಿ ಬದಲಿಸಬೇಕು: ಒಸಡು ಬಿಡಿಸಿ, ಬೇರುಗಳನ್ನು ಬೇರೆ ಬೇರೆ ಕತ್ತರಿಸಿ ತೆಗೆಯುವುದು. ಹೊಲಿಗೆ ಹಾಕಿದರೆ ಮಳೆಗಾಲದಲ್ಲಿ ದೂರದ ಹಳ್ಳಿಯವರಿಗೆ ತಾನೇ ಕರಗುವ ದಾರ ಒಳ್ಳೆಯದು. ಒಂದು ವಾರಕ್ಕೆ ರೇಷ್ಮೆ ದಾರ ತೆಗೆಸಲು ಬನ್ನಿ ಎಂದರೆ ಹಳ್ಳ ತುಂಬಿದಾಗ ಬರಲಾಗುವುದಿಲ್ಲ.

ಅಡಿಕೆಯ ನಾಡಿನ ಬಾಯಿಯನ್ನು ಪ್ರತ್ಯೇಕವಾಗಿ ಕಲಿಸಲೇಬೇಕು. ಊಟವಾದ ಮೇಲೊಂದು ಕವಳ ಹಾಕುವುದು ಇಲ್ಲಿ ಮರ್ಯಾದೆಯ ಭಾಗ. ವೀಳ್ಯದೆಲೆ, ಸುಣ್ಣ, ಅಡಿಕೆ, ಕೆಲವರಿಗೆ ಹೊಗೆಸೊಪ್ಪು. ದಶಕಗಟ್ಟಲೆ ಕವಳ ಜಗಿದ ಹಲ್ಲು ಮಟ್ಟಸವಾಗಿ ಸವೆದಿರುತ್ತದೆ. ಸವೆತಕ್ಕೆ ಎದುರಾಗಿ ಹಲ್ಲು ಒಳಗಿನಿಂದ ಗೋಡೆ ಕಟ್ಟಿಕೊಳ್ಳುತ್ತ ಹೋಗುವುದರಿಂದ ನರದ ಕೋಣೆ ಕಿರಿದಾಗಿ, ಅದರ ಮಾಡೂ ನೆಲವೂ ಹತ್ತಿರ ಬಂದಿರುತ್ತವೆ. ರೂಟ್ ಕೆನಾಲಿಗೆ ಕೊರೆಯುವಾಗ ‘ಬುಳಕ್ ಎಂದು ಒಳಗೆ ಬಿದ್ದಾಗ ನಿಲ್ಲಿಸು’ ಎಂದು ಕಾಲೇಜಿನಲ್ಲಿ ಕಲಿತದ್ದನ್ನು ಇಲ್ಲಿ ನಂಬಿದರೆ ಕೊರೆಯುವ ಮೊನೆಯಾದ ಬರ್ ನೆಲವನ್ನೂ ದಾಟಿ ಬೇರುಗಳ ನಡುವೆ ತೂತು ಬೀಳುತ್ತದೆ. ಎಕ್ಸ್‌ರೇಯಲ್ಲಿ ಹಲ್ಲಿನ ಮೇಲ್ಮೈಯಿಂದ ಕೋಣೆಯ ನೆಲಕ್ಕೆ ಎಷ್ಟು ಮಿಲಿಮೀಟರ್ ಎಂದು ಅಳೆದು, ಬರ್‌ನ ಮೇಲೆ ಆ ಆಳಕ್ಕೆ ಗುರುತು ಹಾಕಿಕೊಂಡು ಕೊರೆಯಬೇಕು. ನೆಲದ ಬಣ್ಣ ಸುತ್ತಲಿನ ಗೋಡೆಗಿಂತ ಕಪ್ಪಗಿರುತ್ತದೆ. ಬಣ್ಣ ಬದಲಾದದ್ದು ಕಂಡ ಕೂಡಲೇ ಬರ್ ಎತ್ತಿ, ಚೂಪು ಎಕ್ಸ್‌ಪ್ಲೋರರ್ ಹಿಡಿದು ಬೇರಿನ ನಾಳಗಳ ಬಾಯಿಗಳನ್ನು ಹುಡುಕಬೇಕು.

ಇನ್ನೂ ಗಂಭೀರವಾದದ್ದು ಬಾಯಿ ತೆರೆಯಲಾಗದ ಸಂಕಟ, ಸಬ್‌ಮ್ಯೂಕಸ್ ಫೈಬ್ರೋಸಿಸ್. ಅಡಿಕೆಯಲ್ಲಿರುವ ಅರೆಕೊಲಿನ್ ಎಂಬ ರಾಸಾಯನಿಕ ನಾರು ಕಟ್ಟುವ ಕೋಶಗಳನ್ನು ಕೆರಳಿಸುತ್ತದೆ, ಅದರ ಒಗರು ಅಂಶ ಮತ್ತು ತಾಮ್ರ ಆ ನಾರನ್ನು ಕರಗದಂತೆ ಬಿಗಿಯುತ್ತವೆ. ಮೊದಲ ಸುಳಿವು ಖಾರ ತಿಂದರೆ ಉರಿ. ಆಮೇಲೆ ಕೆನ್ನೆಯ ಒಳಮೈ ಬಿಳಿಚಿ, ಬೆರಳಿಟ್ಟರೆ ಹಗ್ಗದಂತೆ ಸಿಗುವ ಪಟ್ಟೆ, ಕಿರುನಾಲಿಗೆ ಮುದುಡುವುದು, ನಾಲಿಗೆ ಹೊರಚಾಚಲು ಕಷ್ಟ. ಬಂದ ಪ್ರತಿಯೊಬ್ಬರ ಮೇಲಿನ ಕೆಳಗಿನ ಮುಂಬಲ್ಲುಗಳ ನಡುವಿನ ಅಂತರವನ್ನು ಸ್ಕೇಲಿನಿಂದ ಅಳೆದು ಬರೆಯುವ ರೂಢಿಯನ್ನು ಕಿರಿಯರಿಗೆ ಹಾಕಿಸಬೇಕು. ಅರ್ಧ ನಿಮಿಷದ ಕೆಲಸ. 35 ಮಿಲಿಮೀಟರಿಗಿಂತ ಕಡಿಮೆ ಇದ್ದರೆ ಸುಮ್ಮನೆ ಬಿಡುವಂತಿಲ್ಲ. ಕಳೆದ ವರ್ಷ 32 ಇದ್ದದ್ದು ಈ ವರ್ಷ 27 ಆಗಿದ್ದರೆ ಆ ಎರಡು ಅಂಕಿ ತೋರಿಸಿ ಮಾತಾಡಬಹುದು. ಉಪದೇಶಕ್ಕಿಂತ ಅದು ನಾಟುತ್ತದೆ. ಕೇಳುವಾಗ ಅಡಿಕೆ, ಹೊಗೆಸೊಪ್ಪು, ಪಾನ್ ಮಸಾಲ ಮೂರನ್ನೂ ಬೇರೆ ಬೇರೆ ಕೇಳಬೇಕು. ಹೊಗೆಸೊಪ್ಪು ಹಾಕುವುದಿಲ್ಲ ಎಂದವರು ಬರೀ ಸಿಹಿ ಅಡಿಕೆ ಪೊಟ್ಟಣವನ್ನು ದಿನಕ್ಕೆ ಹತ್ತು ಹರಿಯುತ್ತಿರಬಹುದು, ಈ ಕಾಯಿಲೆಗೆ ಅಷ್ಟೇ ಸಾಕು. ಅಡಿಕೆಯೇ ಸ್ವತಃ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿ ಹೇಳಿದೆ. ತೋಟವೇ ಜೀವನಾಧಾರವಾದ ಮನೆಯವರ ಮುಂದೆ ಇದನ್ನು ಹೇಳುವ ರೀತಿ ಬೇರೆ. ಬೆಳೆಯನ್ನು ಹಳಿಯಬೇಕಾಗಿಲ್ಲ. ನಿಮ್ಮ ಬಾಯಿ ಇಷ್ಟು ಬಿಗಿದಿದೆ, ಈಗ ನಿಲ್ಲಿಸಿದರೆ ಇಲ್ಲಿಗೇ ನಿಲ್ಲಬಹುದು, ಬಿಗಿದದ್ದು ತಾನಾಗಿ ಸಡಿಲವಾಗುವುದಿಲ್ಲ ಎಂದು ಹೇಳಿದರೆ ಹೆಗಡೆಯವರೂ ಕೇಳುತ್ತಾರೆ, ಗೌಡರೂ ಕೇಳುತ್ತಾರೆ. ಹಿರಿಯರು ಈ ಮಾತನ್ನು ಕಿರಿಯರ ಎದುರಿಗೇ ಆಡಬೇಕು. ಧ್ವನಿಯನ್ನು ಕೇಳಿಯೇ ಕಲಿಯಬೇಕು.

ಬಾಯಿ ಬಿಗಿದವರ ಕೆಳದವಡೆ ಮರಗಟ್ಟಿಸಲು ಮಾಮೂಲಿ ಬ್ಲಾಕ್ ಆಗುವುದಿಲ್ಲ, ಸಿರಿಂಜು ಒಳಗೇ ಹೋಗುವುದಿಲ್ಲ. ಹಲ್ಲು ಕಚ್ಚಿಸಿಕೊಂಡೇ ಹಾಕುವ ಅಕಿನೋಸಿ ವಿಧಾನವನ್ನು ಕಾಲೇಜಿನಲ್ಲಿ ಓದಿರುತ್ತಾರೆ, ಮಾಡಿದವರು ಕಡಿಮೆ. ಮೇಲ್ದವಡೆ ಹಲ್ಲುಗಳ ಒಸಡು ಕೆನ್ನೆಯ ಪೊರೆಗೆ ಸೇರುವ ಗೆರೆಯ ಮಟ್ಟದಲ್ಲಿ, ಹಲ್ಲಿನ ಸಾಲಿಗೆ ಸಮಾಂತರವಾಗಿ, ದವಡೆಮೂಳೆಯ ಒಳಬದಿಗೆ 25 ಮಿಲಿಮೀಟರ್ ಬಿಡಬೇಕು. ಇಲ್ಲಿ ಮೂಳೆ ತಾಗುವುದಿಲ್ಲ, ತಾಗುವವರೆಗೆ ಒತ್ತಬಾರದು. ಹಿಂದಕ್ಕೆಳೆದು ನೋಡುವುದು ಕಡ್ಡಾಯ. ಇದನ್ನು ಸಾಮಾನ್ಯ ಬಾಯಿಯವರಲ್ಲಿ ಹಿರಿಯರ ಕಣ್ಣೆದುರು ಕೆಲವು ಸಲ ಹಾಕಿ ಅಳತೆ ಕೈಗೆ ಹತ್ತಿದ ಮೇಲಷ್ಟೇ ಬಿಗಿದ ಬಾಯಿಗೆ ಹೋಗಬೇಕು. ಎರಡು ವಾರ ಕಳೆದರೂ ಮಾಯದ ಹುಣ್ಣು, ಗಟ್ಟಿ ಅಂಚು, ಕುತ್ತಿಗೆಯಲ್ಲಿ ಗಂಟು ಕಂಡರೆ ಮುಲಾಮು ಬರೆದು ಕಳಿಸುವುದು ಅಪರಾಧ. ಚೂಪಾದ ಹಲ್ಲಿದ್ದರೆ ಉಜ್ಜಿ, ದಿನಾಂಕ ಹಾಕಿ ಮತ್ತೆ ಕರೆಸಬೇಕು. ಆಗಲೂ ಹಾಗೇ ಇದ್ದರೆ ಬಯಾಪ್ಸಿ. ಚೂರನ್ನು ಹತ್ತು ಪಾಲು ಹೆಚ್ಚಿರುವಷ್ಟು ಫಾರ್ಮಲಿನ್‌ನಲ್ಲಿ ಇಡಬೇಕು. ನೀರಿನಲ್ಲಿ ಇಟ್ಟು ಕಳಿಸಿದರೆ ಲ್ಯಾಬಿನವರಿಗೆ ಏನೂ ತಿಳಿಯುವುದಿಲ್ಲ.

ರೂಟ್ ಕೆನಾಲಿನ ಬಗ್ಗೆ ಇನ್ನೊಂದು ಎಚ್ಚರ ಇದೆ. ಬೇರಿನ ಒಳಗನ್ನು ತೊಳೆಯಲು ಹೈಪೊಕ್ಲೋರೈಟ್ ಬಿಡುವಾಗ ಸೂಜಿ ಬೇರಿನಲ್ಲಿ ಬಿಗಿಯಾಗಬಾರದು, ತುದಿಯಿಂದ ಎರಡು ಮಿಲಿಮೀಟರ್ ಹಿಂದೆ ಇರಬೇಕು, ಪಕ್ಕದಲ್ಲಿ ತೂತಿರುವ ಸೂಜಿಯೇ ಆಗಬೇಕು, ಹೆಬ್ಬೆರಳಿನಿಂದಲ್ಲ ತೋರುಬೆರಳಿನಿಂದ ಒತ್ತಬೇಕು. ಮದ್ದು ಬೇರಿನ ತುದಿ ದಾಟಿದರೆ ರೋಗಿ ಚೀರುತ್ತಾನೆ, ನೋಡನೋಡುತ್ತಿದ್ದಂತೆ ಕೆನ್ನೆ ಊದಿ ಕಪ್ಪಾಗುತ್ತದೆ. ಮದ್ದು ಬಾಯಿಗೆ ಸೋರದಂತೆ ಹಲ್ಲಿನ ಸುತ್ತ ಕಟ್ಟುವ ರಬ್ಬರ್ ಹಾಳೆಗೆ ರಬ್ಬರ್ ಡ್ಯಾಮ್ ಎನ್ನುತ್ತಾರೆ. ಅದನ್ನು ಕಟ್ಟಲು ಸೋಮಾರಿತನ ಮಾಡುವ ಹಿರಿಯರ ಕೈಕೆಳಗೆ ಕಲಿತವರು ಅದನ್ನು ಎಂದೂ ಕಟ್ಟುವುದಿಲ್ಲ.

ರೋಗಿಯ ಎದುರು ತಿದ್ದುವುದು ಬೇರೆಯೇ ವಿದ್ಯೆ. ‘ಏನಯ್ಯಾ ಮಾಡ್ತಿದೀಯ’ ಎಂದರೆ ರೋಗಿಯ ನಂಬಿಕೆ ಅಲ್ಲಿಗೇ ಮುಗಿಯಿತು, ಕಿರಿಯರ ಕೈ ಇನ್ನೂ ನಡುಗುತ್ತದೆ. ‘ಡಾಕ್ಟರೇ, ಸ್ವಲ್ಪ ಲೈಟ್ ಸರಿ ಮಾಡೋಣ’ ಎಂದರೆ ಕೈ ನಿಲ್ಲಿಸಬೇಕು ಎಂಬಂಥ ಒಂದು ಮಾತನ್ನು ಇಬ್ಬರೂ ಮೊದಲೇ ಗೊತ್ತುಮಾಡಿಕೊಂಡಿದ್ದರೆ ಒಳ್ಳೆಯದು. ಹಿರಿಯರು ಉಪಕರಣ ತೆಗೆದುಕೊಂಡರೂ ಬಿಕ್ಕಟ್ಟಿನ ಹಂತ ದಾಟಿಸಿ ಮತ್ತೆ ಕಿರಿಯರ ಕೈಗೇ ಕೊಡಬೇಕು, ಮುಗಿಸುವುದು ಅವರೇ ಆಗಿರಲಿ. ಕಾರಣದ ಮಾತು ಅದೇ ಸಂಜೆ, ಬಾಗಿಲು ಹಾಕಿದ ಮೇಲೆ. ಮರುದಿನಕ್ಕೆ ಇಟ್ಟರೆ ಇಬ್ಬರಿಗೂ ವಿವರ ಮರೆತಿರುತ್ತದೆ. ರೋಗಿಗೆ ಮಾತ್ರ ಸತ್ಯ ಮುಚ್ಚಬಾರದು. ಬೇರಿನ ತುದಿ ಉಳಿದಿದ್ದರೆ, ಬೇರಿನ ನಾಳ ಉಜ್ಜುವ ಫೈಲ್ ಒಳಗೆ ಮುರಿದಿದ್ದರೆ ಅದೇ ದಿನ ಹೇಳಿ, ಎಕ್ಸ್‌ರೇ ತೋರಿಸಿ, ಮುಂದೇನು ಎಂದು ಬರೆದುಕೊಡಬೇಕು. ಹಾಗೆ ಹೇಳುವುದನ್ನು ಮೊದಲ ಸಲ ಹಿರಿಯರೇ ಮಾಡಿ ತೋರಿಸಲಿ.

ಮಾತ್ರೆ ಬರೆಯುವ ಕೈಯನ್ನೂ ತಿದ್ದಬೇಕು. ಹಲ್ಲುನೋವು ಎಂದ ಕೂಡಲೇ ಐದು ದಿನದ ಆಂಟಿಬಯಾಟಿಕ್ ಬರೆಯುವ ಚಾಳಿ ವ್ಯಾಪಕವಾಗಿದೆ. ನರದ ಉರಿಗೆ ಅದರಿಂದ ಪ್ರಯೋಜನವಿಲ್ಲ; ಕೀವು ಕಟ್ಟಿದ್ದರೆ ಹೊರಬಿಡುವುದು ಮೊದಲ ಚಿಕಿತ್ಸೆ. ಜ್ವರ, ಹರಡುತ್ತಿರುವ ಊತ, ನುಂಗಲು ಕಷ್ಟ ಇದ್ದರೆ ಮಾತ್ರ ಆ ಮಾತ್ರೆಗೆ ಜಾಗ. ನಾಲಿಗೆಯ ಅಡಿ ಎತ್ತಿಕೊಂಡು, ಜೊಲ್ಲು ನುಂಗಲಾಗದೆ ಬಂದವರನ್ನು ಕುರ್ಚಿಯಲ್ಲಿ ಕೂರಿಸದೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಕಳಿಸಬೇಕು, ಉಸಿರಿನ ದಾರಿ ಮುಚ್ಚಲು ಹೆಚ್ಚು ಹೊತ್ತು ಬೇಕಿಲ್ಲ.

ಹಿರಿಯರ ಕಡೆಯಿಂದಲೂ ಬಾಕಿ ಇದೆ. ಕಲಿಸುತ್ತೇವೆ ಎಂಬ ನೆಪದಲ್ಲಿ ವರ್ಷಗಟ್ಟಲೆ ಸ್ಕೇಲಿಂಗ್ ಮತ್ತು ಫೈಲ್ ತೊಳೆಯುವುದಕ್ಕಷ್ಟೇ ಇಟ್ಟುಕೊಂಡು, ಬದುಕಲಾಗದಷ್ಟು ಸಂಬಳ ಕೊಡುವುದು ಅನ್ಯಾಯ. ಮೊದಲ ದಿನವೇ ಯಾವ ತಿಂಗಳಿಗೆ ಯಾವ ಕೆಲಸ ಕೈಗೆ ಬರುತ್ತದೆ, ದುಡ್ಡಿನ ಲೆಕ್ಕ ಹೇಗೆ ಎಂದು ಕಾಗದದ ಮೇಲೆ ಇರಬೇಕು. ವಾರಕ್ಕೆ ಒಂದು ಗಂಟೆ, ರೋಗಿಗಳಿಲ್ಲದ ಹೊತ್ತು, ಆ ವಾರದ ಎಕ್ಸ್‌ರೇಗಳನ್ನು ಇಬ್ಬರೂ ಕೂತು ನೋಡುವುದು. ಹಿರಿಯರು ತಮ್ಮ ಕೆಟ್ಟ ಎಕ್ಸ್‌ರೇಗಳನ್ನೂ ಅದರಲ್ಲಿ ಹಾಕಬೇಕು. ಬೇರಿನ ತುದಿ ಎಲ್ಲಿದೆ ಎಂದು ತೋರಿಸುವ ಏಪೆಕ್ಸ್ ಲೊಕೇಟರ್, ಡಿಜಿಟಲ್ ಸೆನ್ಸರ್, ಹೊಸ ರೋಟರಿ ಫೈಲುಗಳ ವಿಷಯದಲ್ಲಿ ಶಿವಮೊಗ್ಗ ಆಲ್ಕೊಳದ ಶರಾವತಿ ದಂತ ಕಾಲೇಜಿನಿಂದಲೋ ಬೆಂಗಳೂರಿನಿಂದಲೋ ಹೊಸದಾಗಿ ಬಂದವರಿಗೆ ಹೆಚ್ಚು ಗೊತ್ತಿರಬಹುದು. ಕೇಳಿ ಕಲಿಯಲು ಹಿರಿತನ ಅಡ್ಡ ಬರಬಾರದು.

ಒಂದು ನೋಟುಬುಕ್ಕು ಇರಲಿ: ಕಿತ್ತ ಹಲ್ಲು, ಹಾಕಿದ ಬ್ಲಾಕ್, ಎಷ್ಟನೇ ಸಲಕ್ಕೆ ಮರಗಟ್ಟಿತು, ಯಾವಾಗ ಹಿರಿಯರನ್ನು ಕರೆದದ್ದು. ಕಿತ್ತ ಮರುದಿನ ಒಂದು ಫೋನು, ಮೂರನೇ ದಿನ ಇನ್ನೊಂದು. ಮೂರನೇ ದಿನಕ್ಕೆ ನೋವು ಇಳಿಯುವ ಬದಲು ಕಿವಿವರೆಗೆ ಏರಿ, ಬಾಯಿ ವಾಸನೆ ಬಂದರೆ ಅದು ಒಣ ಗುಳಿ. ಹೆಪ್ಪು ಕಿತ್ತುಹೋಗಿ ಮೂಳೆ ತೆರೆದಿದೆ. ತೊಳೆದು ಮದ್ದಿನ ಪಟ್ಟಿ ಇಡಬೇಕು, ಮಾತ್ರೆ ಬದಲಿಸಿ ಪ್ರಯೋಜನವಿಲ್ಲ. ಫೋನು ಮಾಡದಿದ್ದರೆ ಆ ರೋಗಿ ಬೇರೆ ಕಡೆ ಹೋಗಿರುತ್ತಾರೆ, ಕಿತ್ತವರಿಗೆ ತಮ್ಮ ಕೆಲಸದ ಫಲ ಎಂದೂ ತಿಳಿಯುವುದಿಲ್ಲ.

ಕ್ಲಿನಿಕ್ಕನ್ನು ಒಂದು ದಿನ ಪೂರ್ತಿ ಕಿರಿಯರ ಮೇಲೆ ಬಿಟ್ಟು ಹೋಗುವುದು ಯಾವಾಗ? ಎಷ್ಟು ಹಲ್ಲು ಕಿತ್ತಿದ್ದಾರೆ ಎಂಬ ಲೆಕ್ಕದಿಂದ ಇದನ್ನು ಅಳೆಯಲಾಗುವುದಿಲ್ಲ. ನೋಟುಬುಕ್ಕಿನಲ್ಲಿ ‘ಇವತ್ತು ಮಾಡಲಿಲ್ಲ’ ಎಂದು ಬರೆದ ಸಾಲುಗಳನ್ನು ನೋಡಬೇಕು: ಬಿಪಿ ಹೆಚ್ಚಿತ್ತು, ಕಳಿಸಿದೆ, ಬೇರು ಸೈನಸ್ಸಿಗೆ ಹತ್ತಿರವಿತ್ತು, ನಿಮಗಾಗಿ ಇಟ್ಟಿದ್ದೇನೆ, ತಿಂಡಿ ತಿಂದಿರಲಿಲ್ಲ, ಹನ್ನೊಂದಕ್ಕೆ ಬರಲು ಹೇಳಿದೆ. ಇಂಥ ಸಾಲುಗಳು ಕಾರಣ ಸಮೇತ, ಯಾರೂ ಕೇಳದೆಯೇ ಬರತೊಡಗಿದವು ಎಂದರೆ ಆಮೇಲೆ ತಡಮಾಡಬೇಕಾಗಿಲ್ಲ. ಮೊದಲ ದಿನಕ್ಕೆ ಸಂತೆಯ ದಿನ ಬೇಡ, ಕರೆದರೆ ಅರ್ಧ ಗಂಟೆಯಲ್ಲಿ ಬರುವಷ್ಟು ಹತ್ತಿರದಲ್ಲಿ ಹಿರಿಯರಿರಲಿ, ತುರ್ತು ಪೆಟ್ಟಿಗೆಯ ಅಡ್ರಿನಲಿನ್‌ನ ಅವಧಿ ಮುಗಿದಿಲ್ಲವೆಂದು ಹಿಂದಿನ ಸಂಜೆ ಇಬ್ಬರೂ ಸೇರಿ ನೋಡಿರಲಿ.